ಕುರಕುಂಟಾ ದಾರಿಯಲ್ಲಿ ಹಳೆಯ ಕಾರಿನ ಚಿಕಿತ್ಸೆ

ಸೇಡಮಿನಿಂದ ತಾಂಡೂರಿನ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಕುರಕುಂಟಾ ಗ್ರಾಮವಿರುವುದು. ಸುತ್ತಲೂ ತೊಗರಿಯ ಹೊಲಗಳು. ಅಗೆದಲ್ಲಿ ಸುಣ್ಣದ ಕಲ್ಲು. ಈ ಕಲ್ಲನ್ನು ನಂಬಿ ೧೯೭೨ರಲ್ಲಿ ಭಾರತ ಸರಕಾರದ ಸಿಮೆಂಟ್ ಕಾರ್ಪೊರೇಷನ್ನಿನ ಕಾರ್ಖಾನೆ ಇಲ್ಲಿ ಪ್ರಾರಂಭವಾಯಿತು, ೧೯೯೮ರಲ್ಲಿ ನಿಂತುಹೋಯಿತು.

ಈ ದಾರಿಯಲ್ಲಿ ಲಾರಿಯಿಂದ ಜಾರಿದ ಹಾಸುಗಲ್ಲೊಂದು ನಮ್ಮ ಹಳೆಯ ಅಂಬಾಸಡರ್ ಕಾರಿಗೆ ಬಡಿದು, ಬಾಗಿಲ ಕೆಳಗಣ ಪಟ್ಟಿ ತಗ್ಗಾಯಿತು. ಪುಟ್ಟಿ ತುಂಬಿ ಬಣ್ಣ ಬಳಿದರೆ ಸಾಲದೇ ಎಂದು ಜೊತೆಯವರು ಕೇಳಲು, ಸೇಡಮಿನ ಉಸ್ತಾದರು, “ಇದು ಮಾರಿ ಅಲ್ರೀ, ಬೆನ್ನೆಲುಬು” ಎಂದರು. ನಿಜವೇ, ಈ ಕಾರಿಗೆ ಲಾರಿಗಿರುವಂತೆ ಬೇರೆ ಚಾಸಿಯಿಲ್ಲ, ತಗಡಿನ ಒಡಲೇ ಭಾರವನ್ನು ಹೊರುವುದು.

ಉಸ್ತಾದರು ಮೊದಲು ಕಾರಿನಡಿಯಲ್ಲಿ ಮೂಲೆಯಿಂದ ಮೂಲೆಗೆ ಅಳೆದರು. ಬಳಿಕ ಬ್ಯಾಟರಿಯ ತಂತಿ ಕಳಚಿ, ತಗ್ಗಿಗೆ ಕೊಂಡಿ ಬೆಸೆದು, ಪೆಟ್ಟು ಬಂದ ದಿಕ್ಕಿಗೆ ಎದುರಾಗಿ ಸರಪಳಿಯಿಂದ ಮೆಲ್ಲಮೆಲ್ಲನೆ ಎಳೆದರು. ಎಳೆತವಿರುವಾಗಲೇ ಸುತ್ತಲಿನ ಮಡಿಕೆಗಳನ್ನು ತಟ್ಟಿದರು. ಕೆಂಪಗೆ ಕಾಯಿಸಿ ಬಡಿದರೆ ತಗಡು ಹಿಗ್ಗಿ ತೆಳ್ಳಗಾಗುವುದು. ತುಕ್ಕು ತಿಂದ ಒಂದು ಗೇಣಿನಷ್ಟು ಭಾಗವನ್ನು ಮಾತ್ರ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತಗಡನ್ನು ಬೆಸೆದರು. ಕಡೆಗೆ ಬಾಗಿಲನ್ನು ಮುಚ್ಚಿ ತೆರೆದು, ಸಂದು ಸಮವಾಗಿರುವುದನ್ನು ತೋರಿಸಿದರು.

ಹಳೆಯ ಕಾರನ್ನು ಕೊಳ್ಳುವ ಗೃಹಸ್ಥರು ಬಣ್ಣಕ್ಕೆ ಮರುಳಾಗದೆ, ಈ ಪಟ್ಟಿಗೆ ಅಯಸ್ಕಾಂತ ಹಿಡಿದು ನೋಡತಕ್ಕದ್ದು. ತಗಡಿದ್ದಲ್ಲಿ ಅದು ಅಂಟುವುದು. ಪುಟ್ಟಿ ದಪ್ಪವಾಗಿದ್ದಲ್ಲಿ ಜಾರಿ ಬೀಳುವುದು. ಮನೆಮಂದಿಯೆಲ್ಲ ಕುಳಿತು ಹೋಗುವ ಬಂಡಿಯಲ್ಲಿ ಈ ಪರೀಕ್ಷೆ ಅತ್ಯವಶ್ಯಕ.