ಅಡಿಕೆ ಒಲೆಯ ಮುಂದೆ ಕಾಂಟ್

ನಮ್ಮಜ್ಜಿ ಸುಳ್ಳು ಹೇಳಿದ ರಾತ್ರಿಯ ಕಥೆ ಇದು. ದೀಪಾವಳಿ ಕಳೆದು ಚಳಿ ಬಿದ್ದಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ಸುಗ್ಗಿ. ರಾತ್ರಿ ಊಟ ಮುಗಿಸಿ ಅಕ್ಕಪಕ್ಕದ ಹೆಂಗಸರೆಲ್ಲ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯಲು ಕೂರುವರು. ಅಂಗಳದ ಮೂಲೆಯ ಹಂಡೆಯಲ್ಲಿ ಅಡಿಕೆ ಚೊಗರಿನ ಜೊತೆ ಕುದಿಯುತ್ತಿರುತ್ತಿತ್ತು. ಯಾರೂ ತೂಕಡಿಸದ ಹಾಗೆ ಕಥೆ ಹೇಳುವುದು ಅಜ್ಜಿಯ ಪಾಲಿನ ಕೆಲಸ. ಆವತ್ತು ಪುಣ್ಯಕೋಟಿಯ ಕಥೆ ನಡೆದಿತ್ತು. ಹಸು ಇನ್ನೂ ದೊಡ್ಡಿಯಲ್ಲಿ ಕರುವಿಗೆ ಬುದ್ಧಿ ಹೇಳುತ್ತಿತ್ತು, ಅಷ್ಟರಲ್ಲಿ ಹಿತ್ತಿಲ ಕಡೆಯಿಂದ ಕೆಳಗಿನ ಕೇರಿಯ ಹೆಂಗಸೊಬ್ಬಳು ಓಡಿಬಂದಳು. ತುಟಿ ಒಡೆದಿತ್ತು. ಅಜ್ಜಿ ಏನೂ ಕೇಳಲಿಲ್ಲ. ಅಟ್ಟದ ಏಣಿಯ ಕಡೆ ಕೈ ತೋರಿಸಿದಳು.

ಸ್ವಲ್ಪ ಹೊತ್ತಿಗೆ ಗಂಡ ಬಂದ. ಕುಡಿದಿದ್ದ. ಸೊಂಟದ ಕೊಕ್ಕೆಯಲ್ಲಿರಬೇಕಾದ ಕತ್ತಿ ಕೈಯಲ್ಲಿತ್ತು.

“ಅಮ್ಮಾ, ನನ್ನ ಹೆಂಡ್ತಿ ಇಲ್ಲಿಗೆ ಬಂದ್ಳಾ?”

“ಇಲ್ವಲ್ಲ ಮಾರಾಯ. ಆಗಲೇ ಯಾರೋ ತೋಟದ ದಾರಿಯಲ್ಲಿ ಹೋದ ಹಾಗಾಯ್ತು, ನೋಡು,” ಎಂದಳು ಅಜ್ಜಿ, ಸುಲಿಯುವುದನ್ನು ನಿಲ್ಲಿಸದೆ.

ಅವನು ಬ್ಯಾಟರಿ ಬಿಟ್ಟುಕೊಂಡು ತೋಟಕ್ಕೆ ಇಳಿದ. ಎಲ್ಲರೂ ಉಸಿರು ಬಿಟ್ಟೆವು. ಅತ್ತೆ ನೀರು ಕೊಡಲು ಅಟ್ಟ ಹತ್ತಿದರೆ ಅಲ್ಲಿ ಯಾರೂ ಇಲ್ಲ! ಗಂಡನ ದನಿ ಕೇಳಿದ್ದೇ ಅವಳು ಹಿಂಬಾಗಿಲಿಂದ ಜಾರಿಕೊಂಡಿದ್ದಳು. ಹಿಂಬಾಗಿಲಿಂದ ಹೋಗುವುದಕ್ಕೆ ಇದ್ದದ್ದು ತೋಟದ ದಾರಿ ಒಂದೇ.

ಗಂಡಸರು ದೊಂದಿ ಹಿಡಿದು ಓಡಿದರು. ಕಾಲುಸಂಕದ ಹತ್ತಿರ ಅವನು ಕತ್ತಿ ಎಲ್ಲೋ ಬಿಸಾಡಿ ಕೆಸರಿನಲ್ಲಿ ಕೂತು ಅಳುತ್ತಿದ್ದನಂತೆ. ಅವಳು ಅಲ್ಲಿಂದ ಮಾರು ದೂರದಲ್ಲಿ, ಸೊಪ್ಪಿನ ಹೊರೆಯ ಹಿಂದೆ ಅವಿತಿದ್ದಳು. ಅವನನ್ನು ಅವನಣ್ಣನ ಮನೆಗೆ ಎಳೆದೊಯ್ದರು, ಇವಳನ್ನು ನಮ್ಮಲ್ಲಿಗೆ ಕರೆತಂದರು.

ಆ ಗದ್ದಲದಲ್ಲಿ ಎಲ್ಲರಿಗಿಂತ ಹೆಚ್ಚು ಬಿಳುಚಿಕೊಂಡವನು ನನ್ನ ಚಿಕ್ಕಪ್ಪ. ಮೈಸೂರಿನ ಕಾಲೇಜೊಂದರಲ್ಲಿ ತತ್ತ್ವಶಾಸ್ತ್ರದ ಮೇಷ್ಟ್ರು, ರಜೆಗೆ ಬಂದಿದ್ದ. ಒಲೆಯ ಮುಂದೆ ಕುಕ್ಕರಿಸಿ, “ಇದು ಕಾಂಟ್ ಹೇಳಿದ್ದೇ ಅಲ್ವೇನೋ!” ಎಂದು ತನಗೆ ತಾನೇ ಹೇಳಿಕೊಂಡ.

ಕೆದಕಿದ್ದಕ್ಕೆ ಶುರುವಾಯಿತು ನೋಡಿ. ಕೋನಿಗ್ಸ್‌ಬರ್ಗ್ ಎಂಬ ಊರಿನ ಇಮ್ಯಾನುಯೆಲ್ ಕಾಂಟ್ 1797ರಲ್ಲಿ, ತನ್ನ ಎಪ್ಪತ್ಮೂರನೆಯ ವಯಸ್ಸಿನಲ್ಲಿ, ಒಂದು ಪುಟ್ಟ ಲೇಖನ ಬರೆದ. ಬೆಂಜಮಿನ್ ಕಾನ್‌ಸ್ಟಂಟ್ ಎಂಬ ಫ್ರೆಂಚ್ ಲೇಖಕ ಎತ್ತಿದ್ದ ಆಕ್ಷೇಪಕ್ಕೆ ಉತ್ತರ ಅದು. ಕೊಲೆಗಾರನೊಬ್ಬ ಬಾಗಿಲಿಗೆ ಬಂದು, ನಿನ್ನ ಮನೆಯಲ್ಲಿ ಅಡಗಿದ ಗೆಳೆಯ ಎಲ್ಲಿ ಎಂದು ಕೇಳಿದರೂ ಸುಳ್ಳು ಹೇಳಬಾರದೇ? ಬಾರದು ಎಂದ ಕಾಂಟ್. ಲೋಕವೆಲ್ಲ ಅವನನ್ನು ನೋಡಿ ನಕ್ಕಿತು. ಆದರೆ ಅವನ ವಾದದಲ್ಲಿ ಒಂದು ಎಳೆ ಇದೆ: ನೀನು “ಇಲ್ಲ” ಎಂದೆ, ಗೆಳೆಯ ಅಷ್ಟರಲ್ಲಿ ನಿನಗೆ ತಿಳಿಯದೆ ಹೊರಗೆ ಹೋಗಿದ್ದ, ಕೊಲೆಗಾರ ದಾರಿಯಲ್ಲಿ ಅವನನ್ನೇ ಎದುರುಗೊಂಡ. ಆಗ ಆ ಸಾವಿನಲ್ಲಿ ನಿನ್ನ ಪಾಲಿಲ್ಲವೇ? ನಿಜ ಹೇಳಿದವನಿಗೆ ಮುಂದಾಗುವುದರ ಹೊಣೆ ಇಲ್ಲ, ಸುಳ್ಳು ಹೇಳಿದವನು ಅದರ ಫಲ ಹೊರಬೇಕು.

“ಹಾಗಾದರೆ ಅಟ್ಟದಲ್ಲಿದಾಳೆ ಅನ್ನಬೇಕಿತ್ತೇನೋ?” ಎಂದಳು ಅತ್ತೆ, ಅಡಿಕೆ ಸಿಪ್ಪೆ ಅವನ ಮೇಲೆ ಎಸೆದು.

ಚಿಕ್ಕಪ್ಪ ತಕ್ಷಣ ಪಕ್ಷ ಬದಲಿಸಿದ. ಮೇಷ್ಟ್ರುಗಳಿಗೆ ಇದೊಂದು ಸುಖ. ಅತ್ತೆ ಹೇಳಿದ್ದು ಬೆಂತಮ್ ಮತ್ತು ಮಿಲ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿಗಳ ಮಾತಂತೆ. ಬೆಂತಮ್ 1789ರಲ್ಲೇ ಹೇಳಿದ್ದ: ಕೆಲಸವೊಂದರಿಂದ ಹುಟ್ಟುವ ಸುಖದುಃಖವನ್ನು ಎಷ್ಟು ತೀವ್ರ, ಎಷ್ಟು ಕಾಲ, ಎಷ್ಟು ಜನಕ್ಕೆ ಎಂದು ತೂಗಿ ನೋಡು, ಸುಖದ ಕಡೆ ವಾಲಿದರೆ ಅದೇ ಸರಿ. ಒಂದು ಸುಳ್ಳಿನಿಂದ ಜೀವ ಉಳಿಯುವುದಾದರೆ ಅವರಿಗೆ ಅನುಮಾನವೇ ಇಲ್ಲ. ಇನ್ನು ನಮ್ಮ ಕಡೆ ಬಂದರೆ, ಮಹಾಭಾರತದ ಕರ್ಣಪರ್ವದಲ್ಲಿ ಕೌಶಿಕನೆಂಬ ತಪಸ್ವಿ ಇದ್ದಾನೆ. ಸತ್ಯವನ್ನೇ ನುಡಿಯುವ ವ್ರತ ಅವನದು. ದರೋಡೆಕೋರರು ಕೇಳಿದರೆಂದು, ಓಡಿಹೋಗಿ ಅವಿತವರ ಜಾಗ ತೋರಿಸಿದ. ಅವರೆಲ್ಲ ಹತರಾದರು, ಕೌಶಿಕ ನರಕಕ್ಕೆ ಹೋದ. ಅಣ್ಣನ ಮೇಲೆ ಕತ್ತಿ ಎತ್ತಿದ ಅರ್ಜುನನಿಗೆ ಕೃಷ್ಣ ಹೇಳಿದ ಕಥೆ ಅದು.

“ಮತ್ತೆ ಪುಣ್ಯಕೋಟಿ?” ಎಂದೆ ನಾನು. ನನಗೆ ನಿಜಕ್ಕೂ ಗೊಂದಲವಾಗಿತ್ತು.

“ಅದು ತನ್ನ ಜೀವ ಕೊಡೋಕೆ ಹೋಯ್ತು. ಬೇರೆಯವರದ್ದನ್ನಲ್ಲ,” ಎಂದಳು ಅಜ್ಜಿ. ಇಷ್ಟು ವರ್ಷ ಏನೇನೋ ಓದಿದ ಮೇಲೂ ಇದಕ್ಕಿಂತ ಚುರುಕಾದ ಉತ್ತರ ನನಗೆ ಸಿಕ್ಕಿಲ್ಲ.

“ಅವಳು ಇಳಿದು ಹೋಗಿದ್ದು ಗೊತ್ತಿದ್ದರೆ ಏನು ಹೇಳ್ತಿದ್ದೆ ಅಮ್ಮಾ?” ಎಂದು ಚಿಕ್ಕಪ್ಪ ಕೇಳಿದ. “ಗದ್ದೆ ಕಡೆ ಹೋದಳು ಅಂತಿದ್ದೆ. ಅದಕ್ಕೇನು ಯೋಚನೆ?” ಆ “ಅದಕ್ಕೇನು ಯೋಚನೆ” ಅವನಿಗೆ ಬಹಳ ಹಿಡಿಸಿತು. ಅರಿಸ್ಟಾಟಲ್‌ನ ನೀತಿ ಅಂದರೆ ಇದೇ ಎಂದ: ನ್ಯಾಯದ ಕೆಲಸ ಮಾಡಿ ಮಾಡಿಯೇ ಮನುಷ್ಯ ನ್ಯಾಯವಂತನಾಗುವುದು, ಹಾಗೆ ಪಳಗಿದವನಿಗೆ ಯಾವ ಹೊತ್ತಿಗೆ ಏನು ಎಂಬ ವಿವೇಕ ತಾನಾಗಿ ಬರುತ್ತದೆ. ನನಗೇನೋ ಈ ವಾದ ಆಗಲೂ ಅಷ್ಟು ರುಚಿಸಲಿಲ್ಲ. ಅಜ್ಜಿಯಂಥವರಿದ್ದರೆ ಸರಿ, ಇಲ್ಲದ ಮನೆಯಲ್ಲಿ ಮಾಡುವುದೇನು?

ಬೆಳಿಗ್ಗೆ ಊರ ಹಿರಿಯರು ಜಗಲಿಗೆ ಬಂದು ಕೂತರು. ಅವರದ್ದು ಒಂದೇ ಮಾತು. ಗಂಡನ ಅಮಲು ಇಳಿದಿದೆ, ತಪ್ಪೊಪ್ಪಿಕೊಂಡಿದ್ದಾನೆ. ಎರಡು ಮನೆಯ ಮರ್ಯಾದೆ, ಮಗುವಿನ ಗತಿ, ಸುಗ್ಗಿಯ ಕೆಲಸ, ಎಲ್ಲ ನೋಡಬೇಕಲ್ಲ. ಇವಳೊಬ್ಬಳು ಸಹಿಸಿಕೊಂಡರೆ ಊರಿಗೆಲ್ಲ ನೆಮ್ಮದಿ. ರಾತ್ರಿ ಒಲೆಯ ಮುಂದೆ ಗೆದ್ದಿದ್ದ ಲೆಕ್ಕವೇ ಇದು, ಬಾಯಿ ಮಾತ್ರ ಬೇರೆ! ಮಿಲ್ ಇದನ್ನು ಕೇಳಿದ್ದರೆ ಹೌಹಾರುತ್ತಿದ್ದ, ಆ ಮಾತು ಬೇರೆ. ಹೆಂಗಸರನ್ನು ಅಡಿಯಾಳು ಮಾಡಿಕೊಳ್ಳುವುದರ ವಿರುದ್ಧ 1869ರಲ್ಲಿ ಇಡೀ ಪುಸ್ತಕ ಬರೆದವನು ಅವನು. ಆದರೆ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆಯೋ ಅವರ ದುಃಖ ದಪ್ಪಕ್ಷರದಲ್ಲಿ, ಉಳಿದವರದ್ದು ಅಂಚಿನಲ್ಲಿ.

ಚಿಕ್ಕಪ್ಪ ಆಗ ಎದ್ದು ಹೇಳಿದ್ದು ಮತ್ತೆ ಕಾಂಟ್‌ನನ್ನೇ. ಹೆಸರು ಮಾತ್ರ ಎತ್ತಲಿಲ್ಲ. ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಎಂದು ಕಾಂಟ್ 1785ರಲ್ಲಿ ಬರೆದಿದ್ದ. ಚಿಕ್ಕಪ್ಪ ಅದನ್ನು, “ಊರಿನ ನೆಮ್ಮದಿಗೆ ಇವಳ ಬೆನ್ನು ಬೇಕಾ?” ಎಂದು ಕೇಳಿದ. ಹಿರಿಯರು ಮುಖ ಮುಖ ನೋಡಿಕೊಂಡರು. (ಅದೇ ಕಾಂಟ್ ಹೆಂಗಸರನ್ನು ಪೂರ್ಣ ಪ್ರಜೆಗಳೆಂದು ಒಪ್ಪಲಿಲ್ಲ ಎಂಬುದನ್ನು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಸೂತ್ರ ಬರೆದವನಿಗಿಂತ ಸೂತ್ರ ದೊಡ್ಡದಾಗುವುದು ಹೀಗೆ.)

ರಾತ್ರಿಯೂ ಬೆಳಿಗ್ಗೆಯೂ ನಾವು ಯಾರೂ ಕೇಳದ ಪ್ರಶ್ನೆಯನ್ನು ಕೊನೆಗೆ ಅಜ್ಜಿ ಕೇಳಿದಳು, ಬಾಗಿಲ ಸಂದಿಯಲ್ಲಿ ನಿಂತಿದ್ದ ಅವಳನ್ನೇ: “ನೀ ಏನಂತೀಯೇ?”

“ತವರಿಗೆ ಹೋಗ್ತೀನಿ,” ಎಂದಳು.

ನಮ್ಮ ತೋಟದ ಕೊನೆಗಾರ ಹೋಗಿ ಮಗುವನ್ನು ಎತ್ತಿಕೊಂಡು ಬಂದ. ಅಜ್ಜಿ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟಳು. ಮಧ್ಯಾಹ್ನದ ಶಿವಮೊಗ್ಗ ಬಸ್ಸಿಗೆ ಚಿಕ್ಕಪ್ಪ ಹತ್ತಿಸಿ ಬಂದ. ಹಿರಿಯರಲ್ಲಿ ಒಬ್ಬರು ಸಿಟ್ಟಾಗಿ ಬಹಳ ಕಾಲ ನಮ್ಮ ಮನೆಗೆ ಕಾಲಿಡಲಿಲ್ಲ, ಅವರ ಮನೆಯ ಹೆಂಗಸರನ್ನೂ ಕಳಿಸಲಿಲ್ಲ. ಆ ಸುಗ್ಗಿ ಮುಗಿಯುವವರೆಗೆ ಅಜ್ಜಿ ಗೊಣಗಿದ್ದು ಅದೊಂದಕ್ಕೇ: ಸುಲಿಯೋಕೆ ಕೈ ಸಾಲ್ತಿಲ್ಲ, ಅಡಿಕೆ ಬಲೀತಾ ಇದೆ.