ತುತ್ತಿಡುವ ಕೈಗೂ ಪಾಠ ಬೇಕು

ಆದವಾನಿಯ ಸಮೀಪದ ಒಂದು ವಸತಿಗೃಹ. ಕೌತಾಳ ಕಡೆಯ ಆಯಾ ಒಬ್ಬರು ಏಳು ವರ್ಷದ ಬಾಲಕನನ್ನು ಮಡಿಲಲ್ಲಿ ಮಲಗಿಸಿಕೊಂಡು ಗಂಜಿ ಕುಡಿಸುತ್ತಿದ್ದರು. ಸೆರೆಬ್ರಲ್ ಪಾಲ್ಸಿಯಿಂದ ಅವನ ಕೈಕಾಲು ಬಿಗಿದಿದ್ದವು, ಕತ್ತು ನಿಲ್ಲುತ್ತಿರಲಿಲ್ಲ. ಪ್ರತಿ ಗುಟುಕಿಗೂ ಕೆಮ್ಮು. ಆಕೆಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಕತ್ತು ಹಿಂದಕ್ಕೆ ವಾಲಿದರೆ ಆಹಾರ ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಬಹುದು, ನ್ಯುಮೋನಿಯಾ ಆಗಬಹುದು ಎಂಬುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ವಾರಕ್ಕೊಮ್ಮೆ ಬರುವ ಥೆರಪಿಸ್ಟ್ ಅಂದು ಆಕೆಯ ಬಳಿ ಕುಳಿತು, ಒಂದು ಲೋಟ ನೀರು ಕೊಟ್ಟರು. “ಅಕ್ಕಾ, ಸೂರು ನೋಡುತ್ತಾ ಕುಡಿಯಿರಿ.”

“ಇಳಿಯುವುದೇ ಇಲ್ಲವಲ್ಲಮ್ಮಾ!”

ಪಾಠ ಅಲ್ಲಿಂದ ಮೊದಲಾಯಿತು. ಮಗುವನ್ನು ನೆಟ್ಟಗೆ ಕೂರಿಸಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಚಿಕ್ಕ ಚಮಚವನ್ನು ಎದುರಿನಿಂದ ತರಬೇಕು, ನುಂಗುವವರೆಗೂ ಕಾಯಬೇಕು. ಅಂಗಿ ತೊಡಿಸುವಾಗ ಹೆಚ್ಚು ಬಿಗಿದ ಕೈ ಮೊದಲು, ಕಳಚುವಾಗ ಅದು ಕೊನೆಗೆ. ಥೆರಪಿಸ್ಟ್ ಮಾಡಿ ತೋರಿಸಿದರು, ಆಯಾ ಮಾಡಿದರು, ತಪ್ಪನ್ನು ತಿದ್ದಿಸಿಕೊಂಡು ಮತ್ತೆ ಮಾಡಿದರು.

ವಾರಕ್ಕೆ 168 ಗಂಟೆ. ಥೆರಪಿಸ್ಟ್ ಬರುವುದು ಒಂದು ಗಂಟೆ. ಮಿಕ್ಕೆಲ್ಲ ಗಂಟೆಗಳಲ್ಲಿ ಮಗುವನ್ನು ಎತ್ತುವ, ಮೀಯಿಸುವ, ಉಣಿಸುವ ಕೈಗಳು ಕಲಿಯದಿದ್ದರೆ ಆ ಒಂದು ಗಂಟೆಯ ಶ್ರಮ ವ್ಯರ್ಥ. ವಾಕ್‌ಚಿಕಿತ್ಸಕರು, ವಿಶೇಷ ಶಿಕ್ಷಕರು ಮೊದಲಾದವರು ನೋಂದಣಿ ಪಡೆದೇ ವೃತ್ತಿ ನಡೆಸಬೇಕೆಂದು 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆ ವಿಧಿಸುತ್ತದೆ. ಆದುದರಿಂದ ಮಗುವನ್ನು ಪರೀಕ್ಷಿಸಿ ಚಿಕಿತ್ಸೆಯನ್ನು ನಿರ್ಣಯಿಸುವ ಕೆಲಸ ಆಯಾ ಅವರದಲ್ಲ. ಆದರೆ ಆರೈಕೆ ಮಾಡುವವರಿಗೆ ತರಬೇತಿ ಕೊಡಿಸುವ ಹೊಣೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 47ನೆಯ ಕಲಮು ಸರ್ಕಾರದ ಮೇಲೆ ಇರಿಸಿದೆ. ತರಬೇತಿಯು ದಯೆಯ ಮಾತಲ್ಲ, ಹಕ್ಕಿನ ಮಾತು. ಹತ್ತಾರು ಮಕ್ಕಳನ್ನು ಒಬ್ಬರಿಗೇ ಒಪ್ಪಿಸಿದರೆ ಕಲಿತ ಪಾಠವೂ ನಡೆಯದು. ನುಂಗುವವರೆಗೆ ಕಾಯಲು ಸಮಯ ಬೇಕು.

ಥೆರಪಿಸ್ಟ್ ಬಿಟ್ಟುಹೋದ ಸೂಚನೆಯ ಹಾಳೆ ಇಂಗ್ಲಿಷಿನಲ್ಲಿತ್ತು. ಆಯಾ ಓದಿದ್ದು ಕನ್ನಡ ಶಾಲೆಯಲ್ಲಿ, ಐದನೆಯ ತರಗತಿಯವರೆಗೆ. ಕನ್ನಡ ಮಾಧ್ಯಮದಲ್ಲೇ ಒಂಬತ್ತನೆಯ ತರಗತಿ ಓದುತ್ತಿದ್ದ ಮಗಳು ತಾಯಿ ಹೇಳಿದಂತೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಳು. ಹಾಳೆ ಅಡುಗೆಮನೆಯ ಗೋಡೆಗೇರಿತು.

ಆದರೆ ರಾತ್ರಿ ಪಾಳಿಯ ಆಯಾಗೆ ಓದು ಬಾರದು. ಅವರು ಮಗುವನ್ನು ಮಲಗಿಸಿಯೇ ಹಾಲು ಕುಡಿಸುತ್ತಿದ್ದರು. ಮತ್ತೆ ಅದೇ ಕೆಮ್ಮು. ಮರುದಿನ ಸಂಜೆ ಕೌತಾಳದ ಆಯಾ ಮನೆಯ ಬಸ್ಸು ಬಿಟ್ಟು ಅಲ್ಲಿಯೇ ಉಳಿದರು. ಒಂದು ಲೋಟ ನೀರು ತಂದು ಗೆಳತಿಯ ಕೈಗಿತ್ತರು.

“ಸೂರು ನೋಡುತ್ತಾ ಕುಡಿ, ನೋಡೋಣ.”