ನಾಲ್ಕು ಅಕ್ಷರ, ಎರಡು ಚುಕ್ಕೆ

ಪಕ್ಕದ ಮನೆಯವರಿಗೆ ಹೆಣ್ಣು ಮಗು ಹುಟ್ಟಿ ಎರಡು ತಿಂಗಳಾಗಿತ್ತು. ಮಗುವನ್ನು ಎಲ್ಲರೂ ‘ಸೈವ್’ ಎಂದು ಕರೆಯುತ್ತಿದ್ದರು, ನಾವೂ ಹಾಗೆಯೇ ಕರೆಯುತ್ತಿದ್ದೆವು. ಕರೆಯುವುದರಲ್ಲಿ ಯಾರಿಗೂ ತಕರಾರಿರಲಿಲ್ಲ, ಇದ್ದದ್ದು ಬರೆಯುವುದರಲ್ಲಿ. ಐರ್ಲೆಂಡಿನಲ್ಲಿ ಮಗು ಹುಟ್ಟಿದ ಮೂರು ತಿಂಗಳೊಳಗೆ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕು. ತಾಯಿ ಎಸ್, ಎ, ಡಿ, ಎಚ್, ಬಿ, ಎಚ್ ಎಂದೇ ಬರೆಸಬೇಕೆಂದರು. ತಂದೆ ಎಸ್, ಐ, ವಿ, ಇ ಸಾಕು ಎಂದರು. ಎರಡನ್ನೂ ಓದುವುದು ಒಂದೇ ರೀತಿ. ಮೊದಲನೆಯದು ಐರಿಷರ ಹಳೆಯ ಕಾಗುಣಿತ, ಎರಡನೆಯದು ಇಂಗ್ಲಿಷ್ ಕಿವಿಗೆ ಕೇಳಿದ್ದನ್ನು ಇಂಗ್ಲಿಷ್ ಕೈ ಬರೆದುಕೊಂಡದ್ದು.

ಒಂದು ಭಾನುವಾರ ಸಂಜೆ ಅವರಿಬ್ಬರೂ ಮಗುವನ್ನೆತ್ತಿಕೊಂಡು ನಮ್ಮ ಗಾಲ್ವೇಯ ಮನೆಗೆ ಚಹಾಕ್ಕೆ ಬಂದರು. ಮಾತು ಹೆಸರಿಗೆ ಬಂದು ನಿಂತಿತು. ತಂದೆ ನಮ್ಮ ಕಡೆ ತಿರುಗಿ, “ನೀವೇ ಹೇಳಿ. ನೀವೂ ನಿಮ್ಮ ಮಗಳ ಹೆಸರನ್ನು ಇಲ್ಲಿಯವರಿಗೆ ಸುಲಭ ಮಾಡಿಕೊಟ್ಟಿರಲ್ಲ?” ಎಂದರು.

ಅವರು ಚುಚ್ಚಿ ಆಡಿದ ಮಾತಲ್ಲ ಅದು. ಆದರೂ ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ.

ನಮ್ಮ ಮಗಳ ಹೆಸರು ಝೈನಬ್. ಊರಿನಲ್ಲಿರುವ ಉಮ್ಮನ ಹೆಸರನ್ನೇ ಇಟ್ಟದ್ದು. ಏಳನೆಯ ದಿನ ಅಕೀಕಾ ಮಾಡಿ, ಅರ್ಥ ನೋಡಿ, ದುಆ ಮಾಡಿ ಇಟ್ಟ ಹೆಸರನ್ನು ಇಲ್ಲಿಯ ಶಿಶುವಿಹಾರದ ಬಾಗಿಲಲ್ಲಿ ನಾವೇ ಕತ್ತರಿಸಿದೆವು. ಅಲ್ಲಿಯವರು ‘ಝೇ... ಝಾ...’ ಎಂದು ತಡವರಿಸುತ್ತಿದ್ದಾಗ, ಅವರು ಕೇಳುವ ಮೊದಲೇ, “ಝೀ ಎಂದರೂ ಸಾಕು” ಎಂದುಬಿಟ್ಟೆವು. ಅವರಿಗೆ ತೊಂದರೆ ಕೊಡಬಾರದೆಂಬ ಸಂಕೋಚ. ಹೊರಗಿನಿಂದ ಬಂದವರಿಗೆ ಈ ಸಂಕೋಚ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಆಮೇಲೆ ಬೀದಿಯಲ್ಲೂ ಆಕೆ ಝೀ ಆದಳು. ಪೂರ್ತಿ ಹೆಸರು ಕೇಳಿ, ಎರಡು ಸಲ ಬಾಯಲ್ಲಿ ತಿರುಗಿಸಿ, ಅಂದಿನಿಂದ ತಪ್ಪದೆ ‘ಝೈನಬ್’ ಎಂದೇ ಕರೆಯುತ್ತಿದ್ದವರು ಒಬ್ಬರೇ, ಈಗ ಆರಕ್ಷರದ ಹೆಸರಿಗೆ ಹಟ ಹಿಡಿದು ನಮ್ಮೆದುರು ಕುಳಿತಿದ್ದ ಈ ತಾಯಿ.

ತಂದೆಯ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ಮುಂದಿನ ವರ್ಷ ಅವರು ಕೆಲಸಕ್ಕೆಂದು ಆಸ್ಟ್ರೇಲಿಯಾದ ಪರ್ತ್‌ಗೆ ಹೊರಟಿದ್ದರು. ಅಲ್ಲಿ ಶಾಲೆ, ಆಸ್ಪತ್ರೆ, ಬ್ಯಾಂಕು, ಎಲ್ಲ ಕಡೆ ಮಗು ಹೆಸರನ್ನು ಅಕ್ಷರ ಬಿಡಿಸಿ ಹೇಳುತ್ತಲೇ ಬೆಳೆಯಬೇಕೇ? ಎಸ್, ಐ, ವಿ, ಇ ಎಂಬುದೂ ಅನ್ಯವೇನಲ್ಲ ಎಂದರು. ನಾಟಕಕಾರ ಜಾನ್ ಬಿ. ಕೀನ್ 1959ರಲ್ಲಿ ತಮ್ಮ ಪ್ರಸಿದ್ಧ ನಾಟಕಕ್ಕೆ ಈ ಹೆಸರನ್ನು ಹಾಗೆಯೇ ಬರೆದು ಇಟ್ಟರು. ಕೀನ್‌ಗಿಂತ ದೊಡ್ಡ ಐರಿಷ್ ಯಾರು ಎಂಬುದು ಅವರ ಪ್ರಶ್ನೆ.

ತಾಯಿ ವಾದಿಸಲಿಲ್ಲ. ಮೊಬೈಲ್ ತೆಗೆದು ಒಂದು ಪುಟ ತೋರಿಸಿದರು. ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರ 1901ರ ಜನಗಣತಿಯ ಮನೆಮನೆಯ ಪಟ್ಟಿಯನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಕಾನೆಮಾರಾದ ಒಂದು ಮನೆಯ ಪಟ್ಟಿಯಲ್ಲಿ ಅವರ ಮುತ್ತಜ್ಜಿ ‘ಸಬೈನಾ’ ಎಂದು ಕುಳಿತಿದ್ದಳು. ಮನೆಯಲ್ಲಿ ಯಾರೂ ಅವಳನ್ನು ಹಾಗೆ ಕರೆದವರಿಲ್ಲ. ಮನೆಮಂದಿಗೆ ಅವಳು ಸೈವ್. ಸರಕಾರದ ಕಾಗದಕ್ಕೆ ಮಾತ್ರ ಸಬೈನಾ.

ಇದು ಅವಳೊಬ್ಬಳ ಕತೆಯಲ್ಲ. ಪಾದ್ರಿಯ ಪುಸ್ತಕ, ಜಮೀನ್ದಾರನ ಲೆಕ್ಕ, ಶಾಲೆಯ ಹಾಜರಿ ಎಲ್ಲೆಲ್ಲೂ ಐರಿಷ್ ಹೆಸರುಗಳಿಗೆ ಬದಲಿ ಹೆಸರುಗಳು ಸಿದ್ಧವಾಗಿದ್ದವು. ಟೈಗ್ ಎಂಬಾತ ಟಿಮೊಥಿ ಆಗುತ್ತಿದ್ದ, ಡೀರ್ಮಿಡ್ ಜೆರೆಮಾಯ ಆಗುತ್ತಿದ್ದ, ಗೊಬ್‌ನಿಟ್ ಎಂಬಾಕೆ ಅಬಿಗೇಲ್. ಅರ್ಥಕ್ಕೂ ಸಂಬಂಧವಿಲ್ಲ, ಧ್ವನಿಗೂ ಅಷ್ಟಕ್ಕಷ್ಟೆ. ಇದರ ಬೇರು ಹಳೆಯದು. 1465ರಲ್ಲೇ ಡಬ್ಲಿನ್ ಸುತ್ತಲಿನ ನಾಲ್ಕು ಕೌಂಟಿಗಳ ಐರಿಷರು ಇಂಗ್ಲಿಷ್ ಅಡ್ಡಹೆಸರು ಇಟ್ಟುಕೊಳ್ಳಬೇಕೆಂದು ಕಾನೂನು ಬಂದಿತ್ತು. ಒಂದು ಊರಿನದೋ, ಬಣ್ಣದ್ದೋ, ಕಸುಬಿನದೋ ಆಗಬಹುದು, ಇಂಗ್ಲಿಷ್ ಆಗಿದ್ದರೆ ಸರಿ. 1831ರಲ್ಲಿ ಶುರುವಾದ ಸರಕಾರಿ ಶಾಲೆಗಳು ಪಾಠ ಹೇಳಿದ್ದು ಇಂಗ್ಲಿಷಿನಲ್ಲಿ. ಮಗುವಿನ ಕೊರಳಿಗೆ ಕೋಲೊಂದನ್ನು ಕಟ್ಟಿ, ಐರಿಷ್ ಮಾತಾಡಿದಾಗಲೆಲ್ಲ ಅದರಲ್ಲೊಂದು ಕಚ್ಚು ಹಾಕಿ, ಕೊನೆಗೆ ಕಚ್ಚು ಎಣಿಸಿ ಏಟು ಕೊಡುವ ಪದ್ಧತಿ ಇತ್ತು. ಕಚ್ಚು ಹಾಕುತ್ತಿದ್ದವರಲ್ಲಿ ಹೆತ್ತವರೂ ಇದ್ದರು. ಅವರನ್ನು ದೂರಲು ನಮಗೆ ಬಾಯಿ ಬರುವುದಿಲ್ಲ. 1845ರಿಂದ 1852ರವರೆಗಿನ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷದಷ್ಟು ಜನ ಹಡಗು ಹತ್ತಿದರು. ಮಕ್ಕಳು ಬದುಕಿ ಉಳಿಯಲು ಇಂಗ್ಲಿಷ್ ಬೇಕು ಎಂದು ಆ ತಾಯ್ತಂದೆಯರಿಗೆ ಅನಿಸಿದ್ದರೆ ತಪ್ಪೇನು?

ಅದೇ ಕಾರಣಕ್ಕೆ ಮರಳಿ ಪಡೆಯುವ ಹಟವೂ ಇಲ್ಲಿ ಜೋರು. ಡೊನೆಗಾಲ್‌ನ ಬಡ ರೈತನೊಬ್ಬ ತನ್ನ ಗಾಡಿಯ ಮೇಲೆ ಹೆಸರನ್ನು ಐರಿಷ್ ಅಕ್ಷರಗಳಲ್ಲಿ ಬರೆಸಿದ್ದಕ್ಕೆ ಮೊಕದ್ದಮೆ ಎದುರಿಸಿದ. 1905ರಲ್ಲಿ ಆತನ ಪರ ನ್ಯಾಯಾಲಯದಲ್ಲಿ ನಿಂತವರು ಪ್ಯಾಟ್ರಿಕ್ ಪಿಯರ್ಸ್, ಮುಂದೆ 1916ರ ದಂಗೆಯ ನಾಯಕರಾಗಿ ಬ್ರಿಟಿಷರ ಗುಂಡಿಗೆ ಎದೆ ಕೊಟ್ಟವರು. ಮೊಕದ್ದಮೆ ಸೋತಿತು. ಆ ಅಕ್ಷರಗಳು ಓದಲು ಬರುವಂಥವಲ್ಲ ಎಂಬುದೇ ಆಕ್ಷೇಪ. ಯಾರಿಗೆ ಓದಲು ಬರುವುದಿಲ್ಲ ಎಂದು ಮಾತ್ರ ಯಾರೂ ಕೇಳಲಿಲ್ಲ.

ಓದಲು ಬರದ ಮಾತು ಬಂತಲ್ಲ, ಆ ಸಂಜೆಯ ಇನ್ನೊಂದು ಸಂಗತಿ ಹೇಳಬೇಕು. ಆರಕ್ಷರದ ಆ ಹೆಸರು ನಮಗೂ ಒಗಟಾಗಿಯೇ ಇತ್ತು. ಡಿ, ಎಚ್, ಬಿ, ಎಚ್ ಸೇರಿ ‘ವ್’ ಆಗುವುದೆಂದರೇನು? ತಾಯಿ ಕಾಗದ ಪೆನ್ನು ಕೇಳಿ ಪಡೆದರು. ಐರಿಷಿನ ಸಾಂಪ್ರದಾಯಿಕ ಅಕ್ಷರಮಾಲೆ ಹದಿನೆಂಟೇ ಅಕ್ಷರಗಳದ್ದು, ಅದರಲ್ಲಿ ವಿ ಇಲ್ಲ. ‘ಬ’ ಮೃದುವಾದಾಗ ‘ವ’ ಆಗುತ್ತದೆ. ಮೃದುವಾಯಿತೆಂದು ತೋರಿಸಲು ಹಳೆಯ ಲಿಪಿಯಲ್ಲಿ ಅಕ್ಷರದ ತಲೆಯ ಮೇಲೊಂದು ಚುಕ್ಕೆ ಇಡುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಮುದ್ರಣ ರೋಮನ್ ಅಕ್ಷರಕ್ಕೆ ಹೊರಳಿದಾಗ ಚುಕ್ಕೆ ಹೋಗಿ ಅದರ ಜಾಗಕ್ಕೆ ಎಚ್ ಬಂತು. ಅವರು ಹಳೆಯ ರೀತಿಯಲ್ಲಿ ಬರೆದು ತೋರಿಸಿದರು. ನಾಲ್ಕು ಅಕ್ಷರ, ಎರಡು ಚುಕ್ಕೆ. ಅಷ್ಟೇ!

ಚುಕ್ಕೆ ಬಿದ್ದರೆ ಅಕ್ಷರ ಬದಲಾಗುವುದನ್ನು ನಮಗೆ ಹೇಳಿಕೊಡಬೇಕೇ? ‘ರಾ’ ಮೇಲೆ ಚುಕ್ಕೆ ಇಟ್ಟರೆ ‘ಝಾ’ ಎಂದು ಮದ್ರಸದ ಉಸ್ತಾದರು ಬೆತ್ತ ಹಿಡಿದೇ ಕಲಿಸಿದ್ದರು. ಸ್ವರದ ಮೇಲೆ ಎಳೆಯುವ ಗೀಟಿಗೆ ಐರಿಷರು ‘ಫಾದಾ’ ಎನ್ನುತ್ತಾರೆ. ಹಾಗೆಂದರೆ ಉದ್ದ, ನಮ್ಮ ದೀರ್ಘವೇ. ‘ಶಾನ್’ ಎಂಬ ಹೆಸರಿನ ಗೀಟು ಬಿಟ್ಟರೆ ಅದು ‘ಮುದಿ’ ಎಂಬರ್ಥದ ಶಬ್ದವಾಗುತ್ತದೆ. ಮೂಲದಲ್ಲಿ ಆ ಹೆಸರೂ ಐರಿಷ್ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಂದ ನಾರ್ಮನ್ನರ ಬಾಯಲ್ಲಿದ್ದ ಜಾನ್ ಅದು, ಅಂದರೆ ನಮ್ಮ ಯಹ್ಯಾ (ಅ). ಐರಿಷರು ತಮ್ಮ ಕಾಗುಣಿತದಲ್ಲಿ ಬರೆದು ಬರೆದೇ ಅದನ್ನು ತಮ್ಮದಾಗಿಸಿಕೊಂಡರು.

ಎಸ್, ಐ, ವಿ, ಇ ಕೂಡ ಅಷ್ಟು ಸುಲಭವಲ್ಲ ಎಂದು ನಮಗೆ ಆಗಲೇ ಹೊಳೆದದ್ದು. ಪರ್ತ್‌ನ ಶಿಕ್ಷಕಿ ಅದನ್ನು ‘ಫೈವ್’ ನೋಡಿ ಸೈವ್ ಎನ್ನುತ್ತಾರೋ, ‘ಗಿವ್’ ನೋಡಿ ಸಿವ್ ಎನ್ನುತ್ತಾರೋ? ಹೇಗಿದ್ದರೂ ಮಗು ತಿದ್ದಲೇಬೇಕು. ತಿದ್ದುವುದೇ ಆದರೆ ತನ್ನದನ್ನೇ ಹೇಳಿ ತಿದ್ದಲಿ ಎಂದೆವು. ಸಿಲಿಯನ್ ಎಂದು ಓದುವಂತೆ ಕಾಣುವ ಹೆಸರು ಕಿಲಿಯನ್ ಎಂದು 2024ರ ಆಸ್ಕರ್ ವೇದಿಕೆ ಕಲಿತದ್ದೂ ನಟ ಮರ್ಫಿ ಅದನ್ನು ಬದಲಿಸದೆ ಇದ್ದುದರಿಂದ ತಾನೇ?

ತಂದೆ ನಕ್ಕರು. “ಹಾಗಾದರೆ ಝೀ?” ಎಂದರು.

ಆಗ ಉಮ್ಮನ ಕತೆ ಹೇಳಿದೆವು. ರೇಷನ್ ಕಾರ್ಡಿನಲ್ಲಿ ಅವರು ಜೈನಾಬಿ, ಪಾಸ್‌ಪೋರ್ಟಿನಲ್ಲಿ ಜೈನಾಬು. ಬರೆದುಕೊಂಡವರು ತಮಗೆ ಕೇಳಿಸಿದಂತೆ ಬರೆದುಕೊಂಡರು, ಯಾರೂ ತಿದ್ದಿಸಲಿಲ್ಲ. ಇಬ್ಬರೂ ಒಬ್ಬರೇ ಎಂದು ಅಫಿದಾವಿತ್ ಮಾಡಿಸಿ ವೀಸಾ ಸಿಗುವಷ್ಟರಲ್ಲಿ ಮೊಮ್ಮಗಳಿಗೆ ನಾಲ್ಕು ತಿಂಗಳು. ಬಾಣಂತನಕ್ಕೆಂದು ಕಾದಿದ್ದ ಮುದುಕಿ ಮಗು ಮಗುಚುವುದನ್ನೂ ನೋಡಲಿಲ್ಲ. ಅದನ್ನೆಲ್ಲ ಕಂಡೂ ನಾವು ‘ಝೀ’ ಎಂದಿದ್ದೆವು. ಬರವಣಿಗೆಯಲ್ಲಿ ‘ನಮಾಜ್’ ತಿದ್ದಿ ‘ನಮಾಝ್’ ಮಾಡುವುದರಲ್ಲಿ ನಮ್ಮಷ್ಟು ಶಿಸ್ತಿನವರಿಲ್ಲ. ಹೆತ್ತ ಮಗಳ ಹೆಸರಿಗೆ ಬಂದಾಗ ಆ ಶಿಸ್ತು ಎಲ್ಲಿತ್ತು? ಕೆಟ್ಟ ಅರ್ಥದ ಹೆಸರುಗಳನ್ನು ಪ್ರವಾದಿ (ಸ) ಬದಲಿಸಿದ ಉದಾಹರಣೆಗಳನ್ನು ಓದಿದ್ದೇವೆ. ನೆರೆಯವರಿಗೆ ಉಚ್ಚರಿಸಲು ಕಷ್ಟವೆಂದು ಬದಲಿಸಿದ್ದನ್ನು ಎಲ್ಲೂ ಓದಿಲ್ಲ.

ಅಂದು ತೀರ್ಮಾನವೇನೂ ಆಗಲಿಲ್ಲ. ಮಗು ಅತ್ತಿತು, ಅವರು ಎದ್ದು ಹೋದರು. ಮರುದಿನ ನಾವು ಶಾಲೆಗೆ ಹೋಗಿ, ಮಗಳನ್ನು ಪೂರ್ತಿ ಹೆಸರಿನಿಂದಲೇ ಕರೆಯಬೇಕೆಂದು ಕೇಳಿಕೊಂಡೆವು. ಶಿಕ್ಷಕಿ ಬರೆದುಕೊಂಡು, “ಇದನ್ನು ಮೊದಲೇ ಹೇಳಬಾರದಿತ್ತೇ?” ಎಂದರು.

ಮೂರು ವಾರ ಕಳೆದು ಪಕ್ಕದ ಮನೆಯಿಂದ ಕಾರ್ಡು ಬಂತು. ಒಳಗೆ ಮಗುವಿನ ಚಿತ್ರ, ಕೆಳಗೆ ಆರಕ್ಷರದ ಹೆಸರು. ತಂದೆಯ ಕೈಬರಹದಲ್ಲಿ ಮೂಲೆಯಲ್ಲೊಂದು ಸಣ್ಣ ಟಿಪ್ಪಣಿ: ‘ಫೈವ್ ಇದ್ದಂತೆ’. ನಾವಿಬ್ಬರೂ ಅದನ್ನೇ ನೋಡುತ್ತ ನಿಂತಿದ್ದಾಗ, ಶಾಲೆಯಲ್ಲಿ ಐರಿಷ್ ಕಲಿಯುತ್ತಿರುವ ಝೈನಬ್ ನಡುವೆ ತಲೆ ತೂರಿಸಿ, ಒಂದೇ ಉಸಿರಿಗೆ “ಸೈವ್” ಎಂದು ಓದಿ, ತಿಂಡಿ ಏನಿದೆ ಎಂದು ಕೇಳಿದಳು.